ಓದಲು ಹೋದ ಊರನ್ನು ನಡೆದು ಕಲಿಯುವುದು ಹೇಗೆ: ಟ್ಯೂಬಿಂಗೆನ್‌ನ ದಾರಿಗಳು

ಜರ್ಮನಿಗೆ ಓದಲು ಬಂದ ಮೊದಲ ತಿಂಗಳಲ್ಲೇ ತುಂಬಾ ಜನ ಪ್ಯಾರಿಸ್‌ಗೆ, ಪ್ರಾಗ್‌ಗೆ ಅಗ್ಗದ ಬಸ್ ಟಿಕೆಟ್ ಹುಡುಕಲು ಶುರು ಮಾಡುತ್ತಾರೆ. ನಾನೂ ಹುಡುಕಿದ್ದೆ. ಆದರೆ ಈಗ ಹೊಸದಾಗಿ ಬರುವವರು ಕೇಳಿದರೆ ನಾನು ಮೊದಲು ಹೇಳುವುದು ಇದು: ಮೂರು ತಿಂಗಳು ಎಲ್ಲೂ ಹೋಗಬೇಡಿ. ನೀವಿರುವ ಊರನ್ನೇ ನಡೆದು ನೋಡಿ. ಒಂದೇ ದಾರಿಯನ್ನು ಹತ್ತು ಸಲ ನಡೆಯಿರಿ, ಬೆಳಿಗ್ಗೆ ಒಮ್ಮೆ, ಮಳೆಯಲ್ಲಿ ಒಮ್ಮೆ, ಪರೀಕ್ಷೆ ಮುಗಿದ ಸಂಜೆ ಒಮ್ಮೆ. ಪ್ಯಾರಿಸ್ ಎಲ್ಲೂ ಓಡಿಹೋಗುವುದಿಲ್ಲ. ನಿಮ್ಮ ಊರಿನಲ್ಲಿ ನೀವಿರುವುದು ಎರಡೇ ವರ್ಷ.

ನಾನು ಓದಿದ ಊರು ಟ್ಯೂಬಿಂಗೆನ್. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹತ್ತಿರ ಹತ್ತಿರ 90,000 ಜನ ಇದ್ದಾರೆ, ಅದರಲ್ಲಿ ಮೂರರಲ್ಲಿ ಒಂದು ಪಾಲು ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಎರಡನೇ ಮಹಾಯುದ್ಧದ ಬಾಂಬು ಹಳೇ ಊರಿನ ಮೇಲೆ ಹೆಚ್ಚು ಬೀಳಲಿಲ್ಲ, ಹಾಗಾಗಿ ಮರದ ತೊಲೆ ಕಾಣುವ ಹಳೇ ಮನೆಗಳು ಇನ್ನೂ ನಿಂತಿವೆ. ನಾನು ಧಾರವಾಡದವಳು. ಕಾಲೇಜುಗಳ ಊರು, ಏರು ಇಳಿಜಾರು, ಬಿಟ್ಟೂ ಬಿಡದ ಮಳೆ. ಇಲ್ಲಿಗೆ ಬಂದ ಮೊದಲ ವಾರ ಇದು ಎಲ್ಲೋ ನೋಡಿದ ಊರಿನಂತಿದೆಯಲ್ಲ ಅನ್ನಿಸಿತ್ತು.

ಮೊದಲು ಕಾಗದ ಪತ್ರ, ಆಮೇಲೆ ಬೂಟು

ಕಾಗದದ ಕೆಲಸ ಬಾಕಿ ಇಟ್ಟುಕೊಂಡು ಊರು ತಿರುಗಿದರೆ ತಲೆಯಲ್ಲಿ ಅದೇ ಕೊರೆಯುತ್ತಿರುತ್ತದೆ. ಮನೆಗೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಕೊಟ್ಟವರ ಸಹಿ ಇರುವ ಫಾರಂ ಬೇಕು, ಅದನ್ನು ಕೀಲಿ ತೆಗೆದುಕೊಳ್ಳುವ ದಿನವೇ ಕೇಳಿ ಇಟ್ಟುಕೊಳ್ಳಿ. ವೀಸಾಕ್ಕಾಗಿ ಇಟ್ಟ ಬ್ಲಾಕ್ಡ್ ಅಕೌಂಟ್ ಹಣ, ಅಂದರೆ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ, ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಅದರಲ್ಲೇ ಬಾಡಿಗೆ, ವಿಮೆ, ಊಟ ಎಲ್ಲ ಆಗಬೇಕು. ಈ ಊರಿರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕ ಬೇರೆ ಇದೆ. ಹಾಗಾಗಿ ತಿರುಗಾಟಕ್ಕೆ ಉಳಿಯುವುದು ಕಮ್ಮಿ. ಕಾಲ್ನಡಿಗೆಯೇ ಒಳ್ಳೆಯದು ಅನ್ನುವುದಕ್ಕೆ ಇದೂ ಒಂದು ಕಾರಣ.

ಉಳಿದ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಬೂಟು ತೆಗೆದುಕೊಳ್ಳಿ. ನೀರು ಇಳಿಯಬಾರದು, ಅಡಿ ಜಾರಬಾರದು. ಹಳೇ ಊರಿನ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ, ಮಳೆ ಬಿದ್ದರೆ ಎಣ್ಣೆ ಸುರಿದ ಹಾಗೆ ಜಾರುತ್ತವೆ. ದಪ್ಪ ಜಾಕೆಟ್ ಊರಿಂದಲೇ ತಂದರಾಯಿತು ಅಂದುಕೊಳ್ಳಬೇಡಿ, ನಮ್ಮಲ್ಲಿ ಸಿಗುವುದು ಇಲ್ಲಿನ ಜನವರಿಗೆ ಸಾಲುವುದಿಲ್ಲ.

ಮೊದಲ ದಾರಿ: ಸ್ಟೇಷನ್‌ನಿಂದ ಕೋಟೆಯವರೆಗೆ

ಈ ದಾರಿಯನ್ನು ನೇರ ನಡೆದರೆ ಅರ್ಧ ಗಂಟೆ ಸಾಕು. ನಾನು ಎರಡು ವರ್ಷ ನಡೆದಿದ್ದೇನೆ.

ರೈಲ್ವೆ ಸ್ಟೇಷನ್‌ನಿಂದ ಹೊರಟರೆ ಹತ್ತು ನಿಮಿಷದೊಳಗೆ ನೆಕ್ಕರ್ ನದಿಯ ಸೇತುವೆ ಸಿಗುತ್ತದೆ. ಅಲ್ಲಿ ನಿಲ್ಲಿ. ಎಡಗಡೆಗೆ ನೀರಿನಂಚಿಗೇ ಸಾಲಾಗಿ ನಿಂತ ಬಣ್ಣಬಣ್ಣದ ಮನೆಗಳು, ಅವುಗಳ ಕೆಳಗೆ ಹಳದಿ ಬಣ್ಣದ ಒಂದು ದುಂಡು ಗೋಪುರ. ಊರಿನ ಎಲ್ಲ ಪೋಸ್ಟ್‌ಕಾರ್ಡ್‌ಗಳಲ್ಲಿ ಇರುವ ನೋಟ ಇದೇ. ಫೋಟೊ ತೆಗೆದುಕೊಂಡು ಹೊರಟುಬಿಡಬೇಡಿ. ಸೇತುವೆಯ ನಡುವಿನಿಂದಲೇ ಮೆಟ್ಟಿಲು ಕೆಳಗಿಳಿಯುತ್ತವೆ, ಇಳಿದರೆ ನದಿಯ ನಡುವಿನ ಉದ್ದನೆಯ ನಡುಗಡ್ಡೆ. ಅದರ ತುಂಬ ಎರಡು ಸಾಲು ಪ್ಲೇನ್ ಮರಗಳು, ಇನ್ನೂರು ವರ್ಷದಷ್ಟು ಹಳೆಯವು. ತೊಗಟೆ ಚೂರುಚೂರಾಗಿ ಉದುರಿ, ಕಾಂಡದ ಮೇಲೆ ಬಿಳಿ, ಬೂದು, ಹಸಿರು ತೇಪೆ ಹಾಕಿದ ಹಾಗೆ ಕಾಣುತ್ತದೆ. ಅಕ್ಟೋಬರ್‌ನಲ್ಲಿ ಎಲೆ ಬೀಳುವಾಗ ಹೋಗಿ, ಜನವರಿಯಲ್ಲಿ ಬೋಳಾದಾಗ ಹೋಗಿ, ಏಪ್ರಿಲ್‌ನಲ್ಲಿ ಮತ್ತೆ ಹೋಗಿ. ಅದೇ ಬೆಂಚಿನ ಮೇಲೆ ಕೂತರೂ ಪ್ರತಿ ಸಲ ಬೇರೆ ಜಾಗಕ್ಕೆ ಬಂದ ಹಾಗಿರುತ್ತದೆ.

ಆ ಹಳದಿ ಗೋಪುರದಲ್ಲಿ ಜರ್ಮನ್ ಕವಿ ಹೋಲ್ಡರ್ಲಿನ್ 1807ರಿಂದ 1843ರವರೆಗೆ ಇದ್ದ. ಬುದ್ಧಿ ಸ್ಥಿಮಿತ ತಪ್ಪಿದೆ, ವಾಸಿಯಾಗುವುದಿಲ್ಲ ಅಂತ ಆಸ್ಪತ್ರೆಯವರು ಕೈಬಿಟ್ಟ ಮೇಲೆ ಒಬ್ಬ ಬಡಗಿ ಅವನನ್ನು ತನ್ನ ಮನೆಗೆ ಕರೆತಂದ. ಆ ಬಡಗಿ ತೀರಿಕೊಂಡ ಮೇಲೆ ಅವನ ಮನೆಯವರು ನೋಡಿಕೊಂಡರು. ಒಟ್ಟು 36 ವರ್ಷ. ಈಗ ಅದು ಮ್ಯೂಸಿಯಂ. ನನಗೆ ಕವಿತೆ ಅಷ್ಟಾಗಿ ಅರ್ಥವಾಗಲಿಲ್ಲ, ನನ್ನ ಜರ್ಮನ್ ಅಲ್ಲಿವರೆಗೆ ಇರಲಿಲ್ಲ. ಆದರೆ ಕಿಟಕಿಯಿಂದ ನದಿ ನೋಡುತ್ತಾ ನಿಂತಾಗ ಆ ಬಡಗಿಯ ಮನೆಯವರ ಬಗ್ಗೆ ಬಹಳ ಹೊತ್ತು ಯೋಚಿಸಿದೆ.

ಸೇತುವೆ ದಾಟಿ ಮೇಲೆ ಏರಿದರೆ ಹೋಲ್ಟ್ಸ್‌ಮಾರ್ಕ್ಟ್ ಅನ್ನುವ ಚೌಕ, ಎದುರಿಗೆ ದೊಡ್ಡ ಚರ್ಚು. ಚೌಕದ ಅಂಚಿನಲ್ಲಿ ಹೆಕೆನ್‌ಹೌವರ್ ಅನ್ನುವ ಹಳೇ ಪುಸ್ತಕದಂಗಡಿ. 1895ರಿಂದ 1899ರವರೆಗೆ ಇಲ್ಲಿ ಕೆಲಸ ಮಾಡಿದ ಹುಡುಗನ ಹೆಸರು ಹರ್ಮನ್ ಹೆಸ್ಸೆ. ಆಮೇಲೆ ಸಾಹಿತಿಯಾದ, ನೊಬೆಲ್ ಬಂತು. ಈ ಹುಡುಗನ ಮನೆತನದ ವಿಷಯಕ್ಕೆ ಮುಂದೆ ಬರುತ್ತೇನೆ, ಅದರಲ್ಲಿ ನಮ್ಮ ಕಡೆಯ ಕಥೆಯೂ ಇದೆ.

ಅಲ್ಲಿಂದ ಎರಡು ನಿಮಿಷಕ್ಕೆ ಮಾರುಕಟ್ಟೆ ಚೌಕ. ಸೋಮವಾರ, ಬುಧವಾರ, ಶುಕ್ರವಾರ ಸಂತೆ. ಸುತ್ತಲಿನ ಹಳ್ಳಿಯವರು ಸೇಬು, ಆಲೂಗಡ್ಡೆ, ಮೊಟ್ಟೆ, ಜೇನು ತರುತ್ತಾರೆ. ಸೂಪರ್‌ಮಾರ್ಕೆಟ್‌ಗಿಂತ ರೇಟು ಜಾಸ್ತಿ, ನಿಜ. ಆದರೂ ವಾರಕ್ಕೊಂದು ಸಲ ಏನಾದರೂ ಒಂದನ್ನು ಇಲ್ಲೇ ಕೊಳ್ಳಿ, ಒಬ್ಬರ ಹತ್ತಿರವೇ ಕೊಳ್ಳಿ. ನಾನು ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಸೇಬು ಕೊಳ್ಳುತ್ತಿದ್ದೆ. ಮೊದಲ ಸಲ ಬೆರಳು ತೋರಿಸಿ ಕೇಳಿದೆ. ಐದನೇ ಸಲಕ್ಕೆ ಆಕೆಯೇ ಒಂದು ಹೋಳು ಕತ್ತರಿಸಿ ಚಾಕುವಿನ ತುದಿಯಲ್ಲಿ ಕೊಟ್ಟು, ಇದು ಹುಳಿ, ಬೇಯಿಸೋಕೆ ಒಳ್ಳೇದು, ಅದು ಫೆಬ್ರವರಿವರೆಗೆ ಇಡಬಹುದು ಅಂತ ಹೇಳಿಕೊಟ್ಟರು. ನನ್ನ ಜರ್ಮನ್ ತರಗತಿಗಿಂತ ಹೆಚ್ಚು ಭಾಷೆ ನಾನು ಆ ಸೇಬಿನ ಬುಟ್ಟಿಗಳ ಮುಂದೆ ಕಲಿತೆ. ಸಂತೆಯಲ್ಲಿ ನಿಂತಾಗ ತಲೆ ಎತ್ತಿ ನಗರಸಭೆಯ ಗೋಡೆ ನೋಡಿ. ಅಲ್ಲಿನ ಖಗೋಳ ಗಡಿಯಾರ 1511ರದ್ದು.

ಇನ್ನು ಮೇಲಕ್ಕೆ ಕೋಟೆ. ಏರು ಕಡಿದಾಗಿದೆ, ನಿಧಾನಕ್ಕೆ ಹತ್ತಿ. ಅಂಗಳಕ್ಕೆ ಟಿಕೆಟ್ ಬೇಡ, ಮ್ಯೂಸಿಯಂಗೆ ಬೇಕು. ಜೀವಶಾಸ್ತ್ರ ಓದಿದವರು ಯಾರೇ ಆಗಲಿ ಈ ಕೋಟೆಯನ್ನು ಬಿಡಬಾರದು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಅನ್ನುವ ಇಪ್ಪತ್ತರ ಹರೆಯದ ಸ್ವಿಸ್ ಹುಡುಗ, ಆಸ್ಪತ್ರೆಯಿಂದ ಬಂದ ಬ್ಯಾಂಡೇಜುಗಳ ಕೀವಿನಿಂದ ಬಿಳಿ ರಕ್ತಕಣಗಳನ್ನು ತೊಳೆದು ತೆಗೆದು, ಅವುಗಳ ಒಳಗಿದ್ದ ಹೊಸ ವಸ್ತುವೊಂದನ್ನು ಬೇರ್ಪಡಿಸಿ ಅದಕ್ಕೆ ನ್ಯೂಕ್ಲಿಯಿನ್ ಅಂತ ಹೆಸರಿಟ್ಟ. ನಾವು ಈಗ ಡಿಎನ್‌ಎ ಅನ್ನುವುದು ಅದನ್ನೇ. ಅವನ ಪ್ರಯೋಗಾಲಯ ಇದ್ದದ್ದು ಕೋಟೆಯ ಹಳೇ ಅಡುಗೆಮನೆಯಲ್ಲಿ. ಕಮಾನಿನ ಚಾವಣಿ, ದಪ್ಪ ಗೋಡೆ, ತಣ್ಣನೆಯ ಜಾಗ. ಅಲ್ಲಿ ನಿಂತಾಗ ನನಗೆ ಮೈ ಜುಮ್ಮೆಂದಿತ್ತು. ಪಿಯುಸಿಯಲ್ಲಿ ನಾನು ಬಾಯಿಪಾಠ ಮಾಡಿದ ವಿಷಯ ಶುರುವಾದದ್ದು ಒಂದು ಅಡುಗೆಮನೆಯಲ್ಲಿ!

ಅದೇ ಕೋಟೆಯ ಮ್ಯೂಸಿಯಂನಲ್ಲಿ ಒಂದು ಕುದುರೆ ಇದೆ. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ಐದು ಸೆಂಟಿಮೀಟರ್ ಕೂಡ ಇಲ್ಲ, ನನ್ನ ಹೆಬ್ಬೆರಳಿನಷ್ಟು. ವಯಸ್ಸು ಸುಮಾರು 40,000 ವರ್ಷ. 1931ರಲ್ಲಿ ಫೋಗೆಲ್‌ಹೇರ್ಡ್ ಗುಹೆಯಲ್ಲಿ ಸಿಕ್ಕಿತು. ಕಾಲುಗಳು ಮುರಿದಿವೆ. ಆದರೆ ಕತ್ತು ಬಾಗಿಸಿದ ರೀತಿ ನೋಡಿ. ಆ ಒಂದು ಗೆರೆಯಲ್ಲೇ ಇಡೀ ಕುದುರೆ ಇದೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಂದು ಕಡೆಯಿಂದ ನೋಡಿ, ಮೊಣಕಾಲು ಮಡಚಿ ಕೆಳಗಿಂದ ನೋಡಿ. ಜನ ಇಲ್ಲದ ವಾರದ ದಿನ ಹೋದರೆ ನೀವು ಎಷ್ಟು ಹೊತ್ತು ನಿಂತರೂ ಯಾರೂ ಏನೂ ಅನ್ನುವುದಿಲ್ಲ.

ಮನೆ, ಮೆಟ್ಟಿಲು, ಭಾನುವಾರ

ಊರು ಅಂದರೆ ನೋಡುವ ಜಾಗ ಅಷ್ಟೇ ಆದರೆ ಕೆಲಸ ಸುಲಭ. ಅಕ್ಕಪಕ್ಕದವರ ಜೊತೆ ಬಾಳುವುದನ್ನು ಕಲಿಯುವುದೇ ದೊಡ್ಡದು.

ಇದು ಶ್ವಾಬಿಯಾ ಸೀಮೆ. ಇಲ್ಲಿನ ಜನರಿಗೆ ಕೇರ್‌ವೋಖೆ ಅನ್ನುವ ಪದ್ಧತಿ ಇದೆ, ಗುಡಿಸುವ ವಾರ ಅಂತ. ಒಂದು ಕಟ್ಟಡದ ಮನೆಗಳು ಸರದಿಯ ಮೇಲೆ ಮೆಟ್ಟಿಲು, ಬಾಗಿಲ ಮುಂದಿನ ಜಾಗ ಗುಡಿಸಿ ಒರೆಸಬೇಕು. ಸರದಿ ಬಂದಾಗ ನಿಮ್ಮ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತುಬೀಳುತ್ತದೆ. ನನ್ನ ಮೊದಲ ಸರದಿಯಲ್ಲಿ ಅದೇನೆಂದು ಗೊತ್ತಾಗದೆ ಸುಮ್ಮನೆ ಬಿಟ್ಟಿದ್ದೆ. ಶನಿವಾರ ಕೆಳಗಿನ ಮನೆಯ ಅಜ್ಜಿ ಪೊರಕೆ ಹಿಡಿದು ಬಂದು ಬಾಗಿಲು ತಟ್ಟಿದರು. ಬೈಯಲಿಲ್ಲ. ಮೇಲಿನ ಮೆಟ್ಟಿಲಿನಿಂದ ಶುರು ಮಾಡಬೇಕು, ಮೂಲೆ ಬಿಡಬಾರದು ಅಂತ ಮಾಡಿ ತೋರಿಸಿದರು. ನಾನು ನಮ್ಮ ಮನೆಯಲ್ಲಿ ಬೆಳಿಗ್ಗೆ ಅಂಗಳ ಗುಡಿಸಿ ನೀರು ಹೊಡೆದು ರಂಗೋಲಿ ಹಾಕುವುದನ್ನು ಮುರುಕು ಜರ್ಮನ್‌ನಲ್ಲಿ ಹೇಳಿದೆ. ಅವರಿಗೆ ಬಹಳ ಇಷ್ಟವಾಯಿತು. ದೀಪಾವಳಿ ದಿನ ಬಾಗಿಲ ಮುಂದೆ ಸೀಮೆಸುಣ್ಣದಲ್ಲಿ ಒಂದು ಚುಕ್ಕಿ ರಂಗೋಲಿ ಹಾಕಿದ್ದೆ, ಅದರ ಮೇಲೆ ಕಾಲಿಡದೆ ಸುತ್ತಿ ಹೋಗುತ್ತಿದ್ದರು.

ಹಿರಿಯರನ್ನು ಕರೆಯುವಾಗ ಎಚ್ಚರ ಇರಲಿ. ನಮ್ಮಲ್ಲಿ ನೀನು, ನೀವು ಇರುವ ಹಾಗೆ ಇಲ್ಲಿ ಡು, ಝೀ ಇವೆ. ಕನ್ನಡದವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಅದೊಂದು ಲಾಭ. ವ್ಯತ್ಯಾಸ ಏನೆಂದರೆ ಆಂಟಿ, ಅಜ್ಜಿ ಅನ್ನುವ ಹಾಗಿಲ್ಲ. ಫ್ರೌ ಅಥವಾ ಹೆರ್ ಸೇರಿಸಿ ಮನೆತನದ ಹೆಸರಿನಿಂದ ಕರೆಯಬೇಕು, ಡು ಅನ್ನಿ ಅಂತ ಅವರೇ ಹೇಳುವವರೆಗೆ ಝೀ ಬಿಡಬಾರದು. ಮೆಟ್ಟಿಲಲ್ಲಿ ಎದುರಾದರೆ ಗ್ರೂಸ್ ಗಾಟ್ ಅನ್ನಿ. ಸುಮ್ಮನೆ ಹಾದು ಹೋದರೆ ಇಲ್ಲಿ ಒರಟು ಅಂದುಕೊಳ್ಳುತ್ತಾರೆ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸ್ಟೇಷನ್ ಹತ್ತಿರದ್ದು, ಕೆಲವು ಬೇಕರಿ ಬಿಟ್ಟರೆ. ಅಷ್ಟೇ ಅಲ್ಲ, ಆ ದಿನ ಸದ್ದು ಮಾಡುವಂತಿಲ್ಲ. ಇಡ್ಲಿ ಹಿಟ್ಟು ರುಬ್ಬುವುದಿದ್ದರೆ ಶನಿವಾರ ಸಂಜೆಯೇ ಮುಗಿಸಿ. ಭಾನುವಾರ ಬೆಳಿಗ್ಗೆ ಮಿಕ್ಸಿ ಹಾಕಬೇಡಿ.

ಊಟದ ವಿಷಯ ಸ್ವಲ್ಪ. ಮಧ್ಯಾಹ್ನಕ್ಕೆ ವಿಶ್ವವಿದ್ಯಾಲಯದ ಮೆನ್ಜಾ, ಅಂದರೆ ಕ್ಯಾಂಟೀನ್ ಇದೆ, ದಿನವೂ ಸಸ್ಯಾಹಾರ ಸಿಗುತ್ತದೆ. ಊರಿನ ತಿಂಡಿಯಲ್ಲಿ ನನಗೆ ಹಿಡಿಸಿದ್ದು ಕೇಸೆ ಶ್ಪೆಟ್ಸ್‌ಲೆ. ಹಿಟ್ಟನ್ನು ಕುದಿಯುವ ನೀರಿಗೆ ನೇರ ಉದುರಿಸಿ ಬೇಯಿಸಿ, ಚೀಸ್ ಬೆರೆಸಿ, ಮೇಲೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಹಾಕುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಗಮನಿಸಿ. ಬೇಳೆಯ ಜೊತೆ ಶ್ಪೆಟ್ಸ್‌ಲೆ ಅಂತಲೂ ಒಂದು ಇದೆ. ಬೇಳೆ ಅಂದ ತಕ್ಷಣ ಖುಷಿಯಾಗಿ ತಟ್ಟೆ ಎಳೆದುಕೊಳ್ಳಬೇಡಿ, ಸಾಮಾನ್ಯವಾಗಿ ಅದರಲ್ಲಿ ಶ್ಪೆಕ್, ಅಂದರೆ ಹಂದಿ ಕೊಬ್ಬಿನ ಚೂರು ಹಾಕಿರುತ್ತಾರೆ. ‘ಇಸ್ಟ್ ಡಾ ಶ್ಪೆಕ್ ಡ್ರಿನ್?’ ಅಂತ ಕೇಳಿ. ಈ ಒಂದು ವಾಕ್ಯ ಮೊದಲ ದಿನವೇ ಕಲಿಯಿರಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಬಿಸಾಡಬೇಡಿ, ಅಂಗಡಿಯ ಮಷಿನ್‌ಗೆ ಹಾಕಿದರೆ ಹೆಚ್ಚಿನವಕ್ಕೆ ತಲಾ 25 ಸೆಂಟ್ ವಾಪಸ್ ಬರುತ್ತದೆ.

ಕಾಡಿನ ದಾರಿ, ಮತ್ತು ನಾನು ಮಾಡಿದ ತಪ್ಪು

ಊರಿನ ಉತ್ತರಕ್ಕೆ ಶೋನ್‌ಬುಖ್ ಕಾಡು. 1972ರಲ್ಲಿ ಈ ರಾಜ್ಯದ ಮೊದಲ ನಿಸರ್ಗ ಉದ್ಯಾನವಾದದ್ದು ಇದೇ. ಬೀಚ್, ಓಕ್ ಮರಗಳ ನಡುವೆ ಅಗಲವಾದ ಮಣ್ಣಿನ ದಾರಿಗಳಿವೆ. ಗುಡ್ಡದ ಮೇಲಿನ ವಾಲ್ಡ್‌ಹೊಯ್ಸರ್ ಓಸ್ಟ್‌ನಲ್ಲಿ ದೊಡ್ಡ ಹಾಸ್ಟೆಲ್‌ಗಳಿವೆ, ನಿಮಗೂ ಅಲ್ಲೇ ರೂಮು ಸಿಗಬಹುದು. ಅಲ್ಲಿಂದ ಕಾಡಿನೊಳಗೆ ಇಳಿದರೆ ಒಂದು ಗಂಟೆಯೊಳಗೆ ಬೇಬೆನ್‌ಹೌಸೆನ್ ಹಳ್ಳಿ. ಅಲ್ಲೊಂದು ಹಳೇ ಮಠ ಇದೆ. 1918ರಲ್ಲಿ ಪಟ್ಟ ಬಿಟ್ಟ ವುರ್ಟೆಂಬೆರ್ಗ್‌ನ ಕೊನೆಯ ರಾಜ ಈ ಊರಿಗೇ ಬಂದು ನೆಲೆಸಿ, 1921ರಲ್ಲಿ ಇಲ್ಲೇ ತೀರಿಕೊಂಡ.

ನಾನು ಮೊದಲ ಸಲ ಹೋದದ್ದು ನವೆಂಬರ್ ಕೊನೆಯ ಒಂದು ಶನಿವಾರ. ಮಧ್ಯಾಹ್ನ ಊಟ ಮಾಡಿ, ಬಟ್ಟೆ ಒಗೆದು, ಎರಡೂವರೆಗೆ ಹೊರಟೆ. ಧಾರವಾಡದ ಲೆಕ್ಕದಲ್ಲಿ ಆರು ಗಂಟೆವರೆಗೆ ಬೆಳಕು ಇದ್ದೇ ಇರುತ್ತದೆ ಅಲ್ವಾ, ಅದೇ ಲೆಕ್ಕ ತಲೆಯಲ್ಲಿತ್ತು. ಇಲ್ಲಿ ಆ ಹೊತ್ತಿಗೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಠ ನೋಡಿಕೊಂಡು ಅದೇ ಕಾಡುದಾರಿಯಲ್ಲಿ ವಾಪಸ್ ಹೊರಟಾಗ ಮೊದಲು ಬಣ್ಣ ಹೋಯಿತು, ಆಮೇಲೆ ದಾರಿಯ ಅಂಚು ಹೋಯಿತು. ಚಳಿಗೆ ಮೊಬೈಲ್ ಬ್ಯಾಟರಿ 30ರಿಂದ ಸೀದಾ ಸೊನ್ನೆಗೆ ಇಳಿದು ಆಫ್ ಆಯಿತು. ಒದ್ದೆ ಎಲೆಗಳ ಮೇಲೆ ನನ್ನದೇ ಹೆಜ್ಜೆಯ ಸದ್ದು, ಎಲ್ಲೋ ಪೊದೆಯಲ್ಲಿ ಏನೋ ಓಡಿದ ಸದ್ದು. ಬಲಗಡೆ ಕೆಳಗೆ ಹೆದ್ದಾರಿಯ ಕಾರುಗಳ ಸದ್ದು ಕೇಳುತ್ತಿತ್ತು. ಅದನ್ನೇ ಹಿಡಿದು, ಬಂದ ದಾರಿಗೇ ತಿರುಗಿ, ಹಳ್ಳಿಯ ದೀಪ ಕಾಣುವವರೆಗೆ ನಡೆದೆ. ಬಸ್ ನಿಲ್ದಾಣದಲ್ಲಿ ಕೂತಾಗ ಕೈ ನಡುಗುತ್ತಿತ್ತು.

ಅದಕ್ಕೇ ಹೇಳುತ್ತಿರುವುದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಾಡಿಗೆ ಹೋಗುವುದಿದ್ದರೆ ಬೆಳಿಗ್ಗೆ ಹತ್ತಕ್ಕೆ ಹೊರಡಿ. ಹೊರಡುವ ಮುಂಚೆ ಸೂರ್ಯ ಮುಳುಗುವ ಹೊತ್ತು ನೋಡಿ, ಅದಕ್ಕೆ ಒಂದೂವರೆ ಗಂಟೆ ಮುಂಚೆ ನೀವು ಮರಗಳ ಹೊರಗಿರಬೇಕು. ಮೊಬೈಲನ್ನು ಜಾಕೆಟ್‌ನ ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಒಂದು ಸಣ್ಣ ಟಾರ್ಚ್ ಇರಲಿ. ವಾಪಸ್ ಬರುವ ಬಸ್ಸಿನ ಹೊತ್ತನ್ನು ಕಾಗದದ ಮೇಲೆ ಬರೆದುಕೊಳ್ಳಿ. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಒಬ್ಬರಿಗಾದರೂ ಹೇಳಿ ಹೋಗಿ. ತುರ್ತು ನಂಬರ್ 112.

ಮೇ, ಜೂನ್‌ನಲ್ಲಿ ಈ ಭಯವಿಲ್ಲ, ಒಂಬತ್ತರವರೆಗೂ ಬೆಳಕಿರುತ್ತದೆ. ಆಗ ಕೋಟೆಯ ಹಿಂಬದಿಯಿಂದ ಹೊರಟು ಗುಡ್ಡದ ಬೆನ್ನಿನ ಮೇಲೆ ಪಶ್ಚಿಮಕ್ಕೆ ನಡೆಯಿರಿ. ಕೊನೆಗೆ ಒಂಟಿ ಗುಡ್ಡದ ನೆತ್ತಿಯ ಮೇಲೆ ವುರ್ಮ್‌ಲಿಂಗೆನ್‌ನ ಚಿಕ್ಕ ಚಾಪೆಲ್ ಕಾಣುತ್ತದೆ, ಸುತ್ತ ದ್ರಾಕ್ಷಿ ತೋಟ. ನನಗೆ ಈ ಊರಿನ ಸುತ್ತಮುತ್ತ ಎಲ್ಲಕ್ಕಿಂತ ಇಷ್ಟದ ದಾರಿ ಇದೇ. ನೀರು, ಬ್ರೆಟ್ಸೆಲ್ ಅನ್ನುವ ಒಂದು ಬ್ರೆಡ್ಡು, ಅಷ್ಟು ಸಾಕು.

ನಮ್ಮವರ ಹೆಜ್ಜೆ ಹುಡುಕುವುದು

ಧಾರವಾಡದಲ್ಲಿ ಕಿಟೆಲ್ ಕಾಲೇಜಿನ ಮುಂದೆ ಎಷ್ಟೋ ವರ್ಷ ಓಡಾಡಿದ್ದೇನೆ. ಆ ಹೆಸರಿನ ಮನುಷ್ಯ ಕೊನೆಯ ವರ್ಷಗಳನ್ನು ಕಳೆದದ್ದು ಟ್ಯೂಬಿಂಗೆನ್‌ನಲ್ಲಿ ಅಂತ ನನಗೆ ಗೊತ್ತಾದದ್ದು ಇಲ್ಲಿಗೆ ಬಂದು ಆರು ತಿಂಗಳಾದ ಮೇಲೆ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನಿಂದ ನಮ್ಮ ಕಡೆಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳು. ಆ ಹೊತ್ತಿಗೆ ಅವರು ಜರ್ಮನಿಗೆ ಮರಳಿ ಇಲ್ಲಿ ನೆಲೆಸಿದ್ದರು. 1896ರಲ್ಲಿ ಇದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣದ ಪುಸ್ತಕ 1903ರಲ್ಲಿ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು. ಅದನ್ನು ಓದಿದ ದಿನ ಸಂಜೆ ನೆಕ್ಕರ್ ದಂಡೆಯಲ್ಲಿ ನಡೆಯುವಾಗ, ಈ ಚಳಿಯಲ್ಲಿ ಕೂತು ಒಬ್ಬರು ‘ಅಂಗಳ’, ‘ಅಂಬಲಿ’ ಅಂತೆಲ್ಲ ಬರೆದ ಹಾಳೆ ತಿದ್ದುತ್ತಿದ್ದಿರಬಹುದಲ್ಲ ಅನ್ನಿಸಿ ಗಂಟಲು ಕಟ್ಟಿತು.

ಅವರೊಬ್ಬರೇ ಅಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದು ಟ್ಯೂಬಿಂಗೆನ್‌ನಲ್ಲೇ. ಕೊನೆಯುಸಿರೆಳೆದದ್ದು ಹತ್ತಿರದ ಎಸ್ಲಿಂಗೆನ್‌ನಲ್ಲಿ, 1881ರಲ್ಲಿ. ಇನ್ನು ಹೆಸ್ಸೆಯ ವಿಷಯ ಹೇಳುತ್ತೇನೆ ಅಂದಿದ್ದೆ. ಆ ಪುಸ್ತಕದಂಗಡಿ ಹುಡುಗನ ಅಮ್ಮ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಆಕೆಯ ಅಪ್ಪ ಹರ್ಮನ್ ಗುಂಡರ್ಟ್, ಮಲಯಾಳಂ ನಿಘಂಟು ಬರೆದವರು. ಅವರೂ ಟ್ಯೂಬಿಂಗೆನ್‌ನಲ್ಲಿ ಓದಿದವರೇ. ಅವರ ಹಸ್ತಪ್ರತಿಗಳು ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ, ಆನ್‌ಲೈನ್‌ನಲ್ಲಿ ಗುಂಡರ್ಟ್ ಪೋರ್ಟಲ್ ಅಂತ ಹುಡುಕಿದರೆ ಸಿಗುತ್ತವೆ. ಅದರಲ್ಲಿ ಮಲಯಾಳಂ ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಇವೆ.

ಹಾಗಾಗಿ ನೀವು ಯಾವ ಊರಿಗೇ ಹೋಗಿ, ಯಾವ ವಿಷಯವನ್ನೇ ಓದಿ, ಒಂದು ಮಧ್ಯಾಹ್ನ ಗ್ರಂಥಾಲಯದ ಕ್ಯಾಟಲಾಗ್ ಮುಂದೆ ಕೂತು ಕರ್ನಾಟಕದ ಊರುಗಳ ಹೆಸರನ್ನು ಹಳೇ ಸ್ಪೆಲಿಂಗ್‌ನಲ್ಲಿ ಒಂದೊಂದಾಗಿ ಟೈಪ್ ಮಾಡಿ ನೋಡಿ. ಗ್ರಂಥಾಲಯದವರನ್ನು ಕೇಳಿ, ಅವರಿಗೆ ಇಂಥ ಪ್ರಶ್ನೆ ಅಂದರೆ ಇಷ್ಟ. ಊರಿನ ಜೊತೆ ಒಂದು ನಂಟು ಸಿಕ್ಕಿಬಿಟ್ಟರೆ ಆಮೇಲೆ ಬೀದಿಯೆಲ್ಲ ಬೇರೆ ಥರ ಕಾಣುತ್ತದೆ.

ಮೂರು ತಿಂಗಳು ಆದ ಮೇಲೆ

ಈಗ ರೈಲು ಹತ್ತಿ. ಡಾಯ್ಚ್‌ಲಾಂಡ್ ಟಿಕೆಟ್ 2023ರಲ್ಲಿ ತಿಂಗಳಿಗೆ 49 ಯೂರೊ ಇತ್ತು, 2025ರಲ್ಲಿ 58 ಆಯಿತು, 2026ರಿಂದ 63. ಈ ರಾಜ್ಯದಲ್ಲಿ 27 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಜುಗೆಂಡ್‌ಬಿಡಬ್ಲ್ಯು ಅಂತ ಇನ್ನೂ ಅಗ್ಗದ್ದು ಇದೆ, ಮೊದಲು ಅದನ್ನೇ ವಿಚಾರಿಸಿ. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ಲೋಕಲ್ ಮತ್ತು ಪ್ರಾದೇಶಿಕ ರೈಲು ಎರಡರಲ್ಲೂ ಆಗುತ್ತದೆ. ವೇಗದ ಐಸಿಇ, ಐಸಿ ರೈಲು ಹತ್ತುವಂತಿಲ್ಲ. ಡಾಯ್ಚ್‌ಲಾಂಡ್ ಟಿಕೆಟ್ ತಿಂಗಳ ಚಂದಾ, ನಿಲ್ಲಿಸಬೇಕಿದ್ದರೆ ಆ ತಿಂಗಳ 10ನೇ ತಾರೀಕಿನೊಳಗೆ ಹೇಳಬೇಕು. ಇಲ್ಲದಿದ್ದರೆ ಮುಂದಿನ ತಿಂಗಳ ದುಡ್ಡೂ ಕಡಿತವಾಗುತ್ತದೆ. ಇನ್ನೊಂದು ವಿಷಯ, ಕೆಲವು ರೈಲು ನಡುದಾರಿಯಲ್ಲಿ ಎರಡು ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ, ಹತ್ತುವ ಮುಂಚೆ ಡಬ್ಬಿಯ ಮೇಲಿನ ಬೋರ್ಡು ಓದಿ.

ಮೊದಲ ಪ್ರವಾಸ ಎಸ್ಲಿಂಗೆನ್‌ಗೆ ಮಾಡಿ, ಡಿಸೆಂಬರ್‌ನಲ್ಲಾದರೆ ಮಧ್ಯಯುಗದ ಥರ ಅಲಂಕರಿಸಿದ ಕ್ರಿಸ್‌ಮಸ್ ಸಂತೆ ಇರುತ್ತದೆ. ಟ್ಯೂಬಿಂಗೆನ್‌ನಲ್ಲಿ ಕ್ರಿಸ್‌ಮಸ್ ಸಂತೆ ಒಂದೇ ವಾರಾಂತ್ಯ, ಅದಕ್ಕೆ ಮುಂಚೆ ಚಾಕೊಲೇಟ್ ಹಬ್ಬ. ಹೆಸ್ಸೆ ಹುಟ್ಟಿದ, ಗುಂಡರ್ಟ್ 1893ರಲ್ಲಿ ತೀರಿಕೊಂಡ ಕಾಲ್ವ್ ಊರನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಮೇ ಕೊನೆಯಿಂದ ಜೂನ್ ನಡುವೆ ಬರುವ ಫ್ರೋನ್‌ಲೈಖ್‌ನಾಮ್ ಅನ್ನುವ ಕ್ರೈಸ್ತ ಹಬ್ಬದ ಗುರುವಾರ ಮಾತ್ರ ಊರು ಬಿಟ್ಟು ಎಲ್ಲೂ ಹೋಗಬೇಡಿ. ಅವತ್ತು ಶ್ಟೋಖರ್‌ಕಾನ್ ಓಟ. ಚಪ್ಪಟೆ ತಳದ ಉದ್ದನೆಯ ದೋಣಿಗಳವು, ಹಿಂದೆ ಒಬ್ಬರು ನಿಂತು ಗಳದಿಂದ ನದಿಯ ತಳಕ್ಕೆ ಊರಿ ತಳ್ಳುತ್ತಾರೆ. ವಿದ್ಯಾರ್ಥಿ ತಂಡಗಳು ವೇಷ ಕಟ್ಟಿಕೊಂಡು ನಡುಗಡ್ಡೆಯ ಸುತ್ತ ಓಡಿಸುತ್ತವೆ. ಕೊನೆಗೆ ಬಂದ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು, ತಲಾ ಅರ್ಧ ಲೀಟರ್. ಮುಂದಿನ ವರ್ಷದ ಓಟದ ಏರ್ಪಾಡೂ ಅವರದ್ದೇ. ಸೇತುವೆಯ ಮೇಲೆ ನಿಲ್ಲಲು ಜಾಗ ಸಿಗುವುದಿಲ್ಲ, ನಡುಗಡ್ಡೆಯ ತುದಿಗೆ ಬೇಗ ಹೋಗಿ.

ಉಳಿದ ದಿನಗಳಲ್ಲಿ ಸಂಜೆಗೆ ನದಿಯಂಚಿನ ಗೋಡೆ ಇದೆ. ಬಿಸಿಲು ಬಂದರೆ ಇಡೀ ಊರಿನ ವಿದ್ಯಾರ್ಥಿಗಳು ಅದರ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಲ್ಲಿಂದ ಅಕ್ಟೋಬರ್‌ವರೆಗೆ ನಮ್ಮೂರಿಗೂ ಇಲ್ಲಿಗೂ ಮೂರೂವರೆ ಗಂಟೆಯಷ್ಟೇ ವ್ಯತ್ಯಾಸ. ಆರು ಗಂಟೆಗೆ ವಿಡಿಯೊ ಕಾಲ್ ಮಾಡಿದರೆ ಧಾರವಾಡದಲ್ಲಿ ಒಂಬತ್ತೂವರೆ, ಊಟ ಮುಗಿಸಿ ಅಮ್ಮ ಕೂತಿರುತ್ತಾಳೆ, ನಿಮ್ಮ ಹಿಂದೆ ದೋಣಿಗಳು ಹೋಗುವುದನ್ನು ಆಕೆಯೂ ನೋಡುತ್ತಾಳೆ. ಗೋಡೆಯ ಮೇಲೆ ಜಾಗ ಬೇಕಿದ್ದರೆ ಐದಕ್ಕೇ ಹೋಗಿ ಹಿಡಿಯಿರಿ, ಕೂರಲು ಒಂದು ಪಂಚೆಯೋ ಚಾದರವೋ ಒಯ್ಯಿರಿ. ಕಲ್ಲು ಮೇ ತಿಂಗಳಲ್ಲೂ ತಣ್ಣಗಿರುತ್ತದೆ.